ಕರುಳಿನ ಗಾಯ ಮಾಯುವ ಕಾಲ

ಗೋಧಿಯನ್ನು ತ್ಯಜಿಸಿದ ಸೀಲಿಯಾಕ್ ರೋಗಿಯ ಹೊಟ್ಟೆಯುಬ್ಬರವೂ ಭೇದಿಯೂ ಕೆಲವೇ ವಾರಗಳಲ್ಲಿ ಶಮನಗೊಂಡು, ಹಸಿವು ಮರಳಿ, ಬತ್ತಿದ ಕೆನ್ನೆ ತುಂಬಿಕೊಳ್ಳತೊಡಗಿದಾಗ, ರೋಗಿಯೂ ಮನೆಯವರೂ ಕಾಯಿಲೆ ವಾಸಿಯಾಯಿತೆಂದು ನೆಮ್ಮದಿ ತಾಳುವುದು ಸಹಜವೇ ಸರಿ. ಆದರೆ ಮೈಗೆ ಸುಖವೆನಿಸುವುದು ಬೇರೆ, ಸಣ್ಣ ಕರುಳಿನ ಒಳಪದರವು ತನ್ನ ಮೊದಲಿನ ಸ್ಥಿತಿಗೆ ಬರುವುದು ಬೇರೆ. ಇವೆರಡರ ನಡುವೆ ಕೆಲವರಲ್ಲಿ ತಿಂಗಳುಗಳ, ಹಲವರಲ್ಲಿ ವರ್ಷಗಳ ಅಂತರವಿರುತ್ತದೆ. ರೋಗನಿರ್ಣಯವಾದ ದಿನ ವೈದ್ಯರಿಂದ ಗೋಧಿ ವರ್ಜ್ಯವೆಂಬ ಉಪದೇಶವನ್ನೂ ಆಹಾರದ ಒಂದು ಪಟ್ಟಿಯನ್ನೂ ಪಡೆದು ಮನೆಗೆ ಬಂದವರು, ಲಕ್ಷಣಗಳು ಅಡಗಿದ ಮೇಲೆ ಮತ್ತೆ ಆಸ್ಪತ್ರೆಯ ಮೆಟ್ಟಲು ಹತ್ತುವುದು ನಮ್ಮಲ್ಲಿ ಅಪರೂಪ. ಹತ್ತಿದರೂ ಯಾವುದನ್ನು ಪರೀಕ್ಷಿಸಬೇಕು, ಏತಕ್ಕಾಗಿ ಪರೀಕ್ಷಿಸಬೇಕು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಚಿಕಿತ್ಸೆಯ ಉತ್ತರಾರ್ಧವೆಂದೇ ಎಣಿಸತಕ್ಕ ಈ ಮರುಪರೀಕ್ಷೆಗಳ ವಿಚಾರವನ್ನು ಈ ವಾರ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆಂದಿದ್ದೇನೆ.

ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಸಸಾರಜನಕವನ್ನು ಮನುಷ್ಯನ ಜೀರ್ಣರಸಗಳು ಸಂಪೂರ್ಣವಾಗಿ ಒಡೆಯಲಾರವು. ಒಡೆಯದೆ ಉಳಿದ ತುಣುಕುಗಳು ಕರುಳಿನ ಮೇಲ್ಪದರವನ್ನು ದಾಟಿ ಒಳಸೇರಿದಾಗ, ಅಲ್ಲಿರುವ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವು ಅವುಗಳ ರೂಪವನ್ನು ತುಸು ಮಾರ್ಪಡಿಸುತ್ತದೆ. ಹಾಗೆ ಮಾರ್ಪಟ್ಟ ತುಣುಕುಗಳನ್ನು, ಡಿಕ್ಯು2 ಅಥವಾ ಡಿಕ್ಯು8 ಎಂಬ ವಂಶಗುಣವನ್ನು ಹೊತ್ತವರ ಪೈಕಿ ಕೆಲವರ ರೋಗನಿರೋಧಕ ಕಣಗಳು ಪರಕೀಯವೆಂದು ಬಗೆದು ಕೆರಳುತ್ತವೆ, ಆ ಕೆರಳಿಕೆಯಲ್ಲಿ ಸ್ವಂತ ಕರುಳನ್ನೇ ಹಾಳುಗೆಡವುತ್ತವೆ. ಈ ವಂಶಗುಣ ಸುಮಾರು ಮೂವರಲ್ಲಿ ಒಬ್ಬರಿಗೆ ಇರುವುದಾದರೂ ರೋಗ ಬರುವುದು ಅವರಲ್ಲಿ ತೀರ ಅಲ್ಪ ಭಾಗಕ್ಕೆ ಮಾತ್ರ. ಹಾಳಾಗುವುವು ರಸಾಂಕುರಗಳು, ವೈದ್ಯರು ವಿಲ್ಲೈ ಎಂದು ಕರೆಯುವುದು ಇವನ್ನೇ. ಅರ್ಧದಿಂದ ಒಂದು ಮಿಲಿಮೀಟರ್ ಎತ್ತರಕ್ಕೆ ಸಣ್ಣ ಕರುಳಿನ ಒಳಮೈ ತುಂಬ ಒತ್ತೊತ್ತಾಗಿ ಎದ್ದುನಿಂತ ಈ ಅಂಕುರಗಳೇ ಅನ್ನರಸವನ್ನು ಹೀರತಕ್ಕುವು. ಅವು ಕುಗ್ಗಿ ಸಮತಟ್ಟಾದಾಗ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಕಬ್ಬಿಣ, ಸುಣ್ಣಾಂಶ, ಫೋಲಿಕ್ ಆಮ್ಲ, ಡಿ ಜೀವಸತ್ವ ಎಲ್ಲವೂ ಕೈಗೆಟುಕಿದಂತಿದ್ದೂ ದೇಹಕ್ಕೆ ದೊರೆಯದೆ ಹೋಗುತ್ತವೆ.

ಈ ಕಾಯಿಲೆಗೆ ಪಥ್ಯವೇ ಔಷಧವೆಂಬ ಅರಿವು ದೃಢವಾದುದು ಒಂದು ಮಹಾ ಸಂಕಟದ ನಡುವೆ. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ಸ್ಯಾಮ್ಯುಯೆಲ್ ಗೀ 1888ರಷ್ಟು ಹಿಂದೆಯೇ ರೋಗವನ್ನು ವರ್ಣಿಸಿ, ಗುಣವಾಗುವುದಾದರೆ ಆಹಾರಕ್ರಮದಿಂದಲೇ ಆಗಬೇಕೆಂದು ಅಭಿಪ್ರಾಯಪಟ್ಟಿದ್ದರೂ, ದೋಷವಿರುವುದು ಯಾವ ಆಹಾರದಲ್ಲಿ ಎಂಬುದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಗೋಧಿಯ ಮೇಲೆ ಮೊದಲಿನಿಂದ ಸಂಶಯ ತಾಳಿ, ಗೋಧಿಯಿಲ್ಲದ ಪಥ್ಯದ ಬಗ್ಗೆ 1941ರಲ್ಲಿಯೇ ಬರೆದಿದ್ದರು. 1944-45ರ ಚಳಿಗಾಲದಲ್ಲಿ ಜರ್ಮನ್ ಮುತ್ತಿಗೆಯಿಂದ ಆ ದೇಶದ ಪಶ್ಚಿಮ ಭಾಗವೆಲ್ಲ ಕ್ಷಾಮಕ್ಕೀಡಾಗಿ, ರೊಟ್ಟಿ ದೊರೆಯದೆ ಜನ ಟ್ಯುಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿನ್ನುವ ಸ್ಥಿತಿ ಬಂದಾಗ, ಉಳಿದ ಮಕ್ಕಳೆಲ್ಲ ಸೊರಗುತ್ತಿರಲು ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡುದನ್ನೂ, ಯುದ್ಧ ಮುಗಿದು ಬ್ರೆಡ್ಡು ಮರಳಿದೊಡನೆ ಅದೇ ಮಕ್ಕಳು ಮತ್ತೆ ಕಾಯಿಲೆ ಬಿದ್ದುದನ್ನೂ ಅವರು ಕಂಡರು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಅವರು ಸಲ್ಲಿಸಿದ ಪ್ರಬಂಧದಲ್ಲಿ ಈ ವಿಚಾರ ಪ್ರತಿಪಾದಿತವಾಯಿತು. ಮಲದಲ್ಲಿ ಸೋರಿಹೋಗುವ ಕೊಬ್ಬಿನ ಪ್ರಮಾಣವನ್ನು ತೂಗಿ ಅಳೆಯುವ ವಿಧಾನದಿಂದ ಡಿಕೆ ಮತ್ತು ಅವರ ಸಹೋದ್ಯೋಗಿಗಳು ಗೋಧಿಯ ದೋಷವನ್ನು ಸಾಬೀತುಪಡಿಸಿದರು. ಮರುಪರೀಕ್ಷೆಯ ಇತಿಹಾಸವೂ ಇಲ್ಲಿಂದಲೇ ಆರಂಭವಾಯಿತೆನ್ನಬಹುದು: ಪಥ್ಯದ ಫಲವನ್ನು ಮಗುವಿನ ಮುಖದ ಕಳೆಯಿಂದ ಊಹಿಸದೆ, ಅಳೆದು ನೋಡಿದವರು ಅವರು.

ಆದರೆ ಆಗಿನ್ನೂ ಕರುಳನ್ನು ಕಣ್ಣಾರೆ ನೋಡಿದವರಿರಲಿಲ್ಲ. 1954ರಲ್ಲಿ ಇಂಗ್ಲೆಂಡಿನ ಪಾಲಿ ಎಂಬ ವೈದ್ಯರು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ದೊರೆತ ಕರುಳಿನ ತುಣುಕುಗಳಲ್ಲಿ ರಸಾಂಕುರಗಳ ನಾಶವನ್ನು ಗುರುತಿಸಿದರು; ಎರಡು ವರ್ಷಗಳಲ್ಲಿ ಮಾರ್ಗಟ್ ಶೈನರ್ ಬಾಯಿಯ ಮೂಲಕವೇ ನಳಿಕೆಯಿಳಿಸಿ ಕರುಳಿನ ಚೂರನ್ನು ತೆಗೆಯುವ ಉಪಾಯವನ್ನು ಕಂಡುಹಿಡಿದರು; 1957ರಲ್ಲಿ ಕ್ರಾಸ್ಬಿ ಕ್ಯಾಪ್ಸೂಲ್ ಎಂಬ ಪುಟ್ಟ ಲೋಹದ ಗುಳಿಗೆ ಬಂದಿತು. ಸಪೂರವಾದ ನಳಿಕೆಯ ತುದಿಗೆ ಕಟ್ಟಿದ ಈ ಗುಳಿಗೆಯನ್ನು ರೋಗಿ ನುಂಗಿ, ಅದು ಜಠರವನ್ನು ದಾಟಿ ಕರುಳಿಗಿಳಿಯುವ ತನಕ ಗಂಟೆಗಟ್ಟಲೆ ಕಾದು, ಎಕ್ಸ್-ರೇಯಲ್ಲಿ ಅದರ ಸ್ಥಾನವನ್ನು ನಿಶ್ಚಯಿಸಿಕೊಂಡ ಮೇಲೆ ವೈದ್ಯರು ನಳಿಕೆಯಿಂದ ಗಾಳಿಯೆಳೆದರೆ, ಗುಳಿಗೆಯ ಕಿಂಡಿಯೊಳಕ್ಕೆ ಸೆಳೆಯಲ್ಪಟ್ಟ ಕರುಳಿನ ಪದರವನ್ನು ಒಳಗಿನ ಸ್ಪ್ರಿಂಗಿನ ಅಲಗು ತಟಕ್ಕನೆ ಕತ್ತರಿಸುತ್ತಿತ್ತು. ಚಿಕ್ಕ ಮಕ್ಕಳು ಕೂಡ ಇದನ್ನು ಸಹಿಸಬೇಕಾಗಿತ್ತು. ಸಂಶಯ ಬಗೆಹರಿಯದಿದ್ದರೆ ಒಂದೇ ಮಗುವಿಗೆ ಎರಡು ಮೂರು ಬಾರಿಯೂ. ಇಂದು ಎಂಡೊಸ್ಕೋಪಿಯಿಂದ ಹತ್ತು ಹದಿನೈದು ನಿಮಿಷಗಳಲ್ಲಿ ಆಗುವ ಕಾರ್ಯದ ಹಿಂದೆ ಆ ಮಕ್ಕಳ ಸಹನೆಯಿದೆ ಎಂಬುದನ್ನು ನಾವು ನೆನೆಯಬೇಕು.

ಡುಯೊಡಿನಮ್ ಎಂಬ ಸಣ್ಣ ಕರುಳಿನ ಮೊದಲ ಭಾಗದಿಂದ ಹೀಗೆ ತೆಗೆದ ಚೂರು ಅಕ್ಕಿಕಾಳಿಗಿಂತಲೂ ಚಿಕ್ಕದು. ಕಾಯಿಲೆ ಎಲ್ಲೆಡೆ ಒಂದೇ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಕನಿಷ್ಠ ನಾಲ್ಕು ಚೂರುಗಳನ್ನಾದರೂ ಬೇರೆ ಬೇರೆ ಕಡೆಗಳಿಂದ, ಮೇಲುಗಡೆಯ ಉಬ್ಬಿನಿಂದ ಇನ್ನೊಂದೆರಡನ್ನು ತೆಗೆಯಬೇಕೆಂಬ ನಿಯಮವಿದೆ. ಮೇಣದಲ್ಲಿ ಅದ್ದಿ, ತೆಳುವಾಗಿ ಸೀಳಿ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗಿರಿಸಿದಾಗ, ಆರೋಗ್ಯವಂತ ಕರುಳಿನಲ್ಲಿ ರಸಾಂಕುರದ ಎತ್ತರವು ಅದರ ಬುಡದಲ್ಲಿರುವ ಕುಳಿಯ ಆಳಕ್ಕಿಂತ ಸುಮಾರು ಮೂರು ಪಟ್ಟು ಇರುತ್ತದೆ. ರೋಗ ಬಲಿತಲ್ಲಿ ಅಂಕುರ ಕುಗ್ಗಿ ಕುಳಿ ಆಳವಾಗುತ್ತ, ಈ ಪ್ರಮಾಣ ಒಂದಕ್ಕಿಂತ ಕೆಳಗಿಳಿದು, ಮೇಲ್ಪದರದ ಕಣಗಳ ಸಂದಿಗಳಲ್ಲಿ ಲಿಂಫೋಸೈಟುಗಳೆಂಬ ಕಪ್ಪು ಚುಕ್ಕೆಗಳು ಕಿಕ್ಕಿರಿದು ಕಾಣುತ್ತವೆ. ಬ್ರಿಟಿಷ್ ವೈದ್ಯ ಮೈಕೆಲ್ ಮಾರ್ಷ್ 1992ರಲ್ಲಿ ಈ ಹಾನಿಯ ಮೆಟ್ಟಿಲುಗಳನ್ನು ಗುರುತಿಸಿದುದರಿಂದ ವರದಿಗಳಲ್ಲಿ ಮಾರ್ಷ್ 1, ಮಾರ್ಷ್ 3 ಎಂಬ ಬರಹ ಇಂದಿಗೂ ಬರುತ್ತದೆ. ಚೂರು ಮೇಣದಲ್ಲಿ ನೆಟ್ಟಗೆ ನಿಲ್ಲದೆ ಓರೆಯಾಗಿ ಕುಳಿತು ಓರೆಯಾಗಿಯೇ ಸೀಳಲ್ಪಟ್ಟರೆ, ಎತ್ತರವಾದ ಅಂಕುರವೂ ಮೊಟಕಾದಂತೆ ತೋರುವ ಸಂಭವವಿದೆ. ಆದುದರಿಂದಲೇ ಮೊದಲ ಬಯಾಪ್ಸಿಯ ಗಾಜಿನ ಪಟ್ಟಿಗಳನ್ನೂ ಮೇಣದ ಗಟ್ಟಿಯನ್ನೂ ಜೋಪಾನವಾಗಿ ಉಳಿಸಿಕೊಂಡು, ವರ್ಷಗಳ ತರುವಾಯದ ಎರಡನೆಯದನ್ನು ಅದರ ಪಕ್ಕದಲ್ಲಿಟ್ಟು ಒಬ್ಬರೇ ರೋಗಶಾಸ್ತ್ರಜ್ಞರು ನೋಡುವುದು ಎಷ್ಟೋ ಮೇಲು.

ಇನ್ನು ಮಾಯುವಿಕೆಯ ಮಾತು. ಕರುಳಿನ ಮೇಲ್ಪದರದ ಕಣಗಳು ಮೂರರಿಂದ ಐದು ದಿನಗಳಿಗೊಮ್ಮೆ ಹಳೆಯವು ಉದುರಿ ಹೊಸವು ಹುಟ್ಟುತ್ತಿರುತ್ತವೆ. ಇಷ್ಟು ತೀವ್ರವಾಗಿ ನವೀಕರಣಗೊಳ್ಳುವ ಅಂಗ ದೇಹದಲ್ಲಿ ಅಪೂರ್ವ. ಹಾಗಾದರೆ ಗೋಧಿ ಬಿಟ್ಟ ವಾರದಲ್ಲಿಯೇ ಎಲ್ಲವೂ ಸರಿಹೋಗಬಾರದೇಕೆ ಎಂದು ಕೇಳುವವರಿದ್ದಾರೆ. ಗೋಡೆಗೆ ಸುಣ್ಣ ಬಳಿಯುವುದು ಒಂದು ದಿನದ ಕೆಲಸ, ಕುಸಿದ ಗೋಡೆಯನ್ನು ಬುಡದಿಂದ ಎಬ್ಬಿಸುವುದು ಬೇರೆಯೇ ಕೆಲಸ. ಹೊಸ ಕಣಗಳು ಬೇಗ ಹುಟ್ಟಿದರೂ, ಅಂಕುರದ ಒಡಲು, ಅದರೊಳಗಿನ ರಕ್ತನಾಳ, ಅದರ ಸುತ್ತ ಜಮಾಯಿಸಿದ್ದ ಉರಿಯೂತದ ಕಣಗಳ ಹಿಂದೆಗೆತ, ಇವೆಲ್ಲ ಸಾವಕಾಶವಾಗಿಯೇ ನಡೆಯಬೇಕು; ಒಂದು ದಿನ ತಪ್ಪಿ ಉಂಡ ಒಂದು ತುತ್ತು ಮತ್ತೆ ಹಿಂದಕ್ಕೆ ಎಳೆಯಬಲ್ಲುದು.

ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಯಸ್ಕ ರೋಗಿಗಳ ಪೈಕಿ ಎರಡು ವರ್ಷಗಳಲ್ಲಿ ಕರುಳು ಪೂರ್ಣ ಮಾಯ್ದುದು ನೂರಕ್ಕೆ 34 ಮಂದಿಗೆ, ಐದು ವರ್ಷಗಳಲ್ಲಿ ನೂರಕ್ಕೆ 66 ಮಂದಿಗೆ. ಅಂದರೆ ಐದು ವರ್ಷ ಕಳೆದ ಮೇಲೂ ಮೂವರಲ್ಲಿ ಒಬ್ಬರ ಗಾಯ ಇನ್ನೂ ಮಾಯ್ದಿರಲಿಲ್ಲ. ಸ್ವೀಡನ್ ದೇಶದವರು ತಮ್ಮ ರೋಗಶಾಸ್ತ್ರ ವಿಭಾಗಗಳಲ್ಲಿ ಸಂಗ್ರಹವಾಗಿದ್ದ ಬಯಾಪ್ಸಿ ವರದಿಗಳನ್ನು ಒಟ್ಟುಗೂಡಿಸಿ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಎರಡನೆಯ ಬಯಾಪ್ಸಿಯನ್ನು ಪರಿಶೀಲಿಸಿದಾಗ, ನೂರಕ್ಕೆ 43 ಮಂದಿಯಲ್ಲಿ ರಸಾಂಕುರಗಳ ಕ್ಷಯ ಮುಂದುವರಿದೇ ಇತ್ತು. ಮಕ್ಕಳ ಪಾಡು ಇದಕ್ಕಿಂತ ಉತ್ತಮ. ಅವರ ಕರುಳು ಬೇಗ ಮಾಯುತ್ತದೆ. ಹಾಗಿದ್ದೂ ಬಾಸ್ಟನ್ ನಗರದ ವೈದ್ಯರು 2017ರಲ್ಲಿ ವರದಿಮಾಡಿದಂತೆ, ಒಂದು ವರ್ಷಕ್ಕೂ ಮಿಗಿಲಾಗಿ ಪಥ್ಯದಲ್ಲಿದ್ದ ಮಕ್ಕಳಲ್ಲಿ ಸಹ ಐವರಲ್ಲಿ ಒಬ್ಬರಿಗೆ ಹಾನಿ ಉಳಿದಿತ್ತು.

ಮಾಯದೆ ಉಳಿದರೆ ಆಗುವುದೇನು? ಇಲ್ಲಿ ಓದುಗರನ್ನು ಅಂಜಿಸುವ ಇಚ್ಛೆ ನನಗಿಲ್ಲ. ಇರುವುದನ್ನು ಇರುವಂತೆ ಹೇಳುತ್ತೇನೆ. ಅದೇ ಸ್ವೀಡಿಷ್ ರೋಗಿಗಳಲ್ಲಿ, ಹಾನಿ ಮುಂದುವರಿದವರಿಗೆ ಲಿಂಫೋಮಾ ಮೊದಲಾದ ದುರ್ಮಾಂಸ ರೋಗಗಳು ವರ್ಷಕ್ಕೆ ಲಕ್ಷಕ್ಕೆ ಸುಮಾರು 100ರಂತೆಯೂ, ಮಾಯ್ದವರಿಗೆ ಸುಮಾರು 30ರಂತೆಯೂ ಬಂದುವು. ಅನುಪಾತ ದೊಡ್ಡದು, ಆದರೆ ಸಂಖ್ಯೆ ಚಿಕ್ಕದು: ಲಕ್ಷದಲ್ಲಿ ನೂರು ಎಂದರೆ ಸಾವಿರದಲ್ಲಿ ಒಬ್ಬರು. ಒಟ್ಟು ಮರಣದ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲವೆಂಬುದನ್ನೂ ಇದರ ಜೊತೆಯಲ್ಲಿಯೇ ಹೇಳುವುದು ನ್ಯಾಯ. ಮೂಳೆಯ ವಿಷಯ ಮಾತ್ರ ದಿನನಿತ್ಯದ್ದು. ಕರುಳು ಮಾಯದವರಲ್ಲಿ ಸೊಂಟದ ಮೂಳೆ ಮುರಿಯುವ ಸಂಭವ ಹೆಚ್ಚೆಂಬುದೂ ಆ ದೇಶದ ದಾಖಲೆಗಳಿಂದಲೇ ತಿಳಿದುಬಂದಿದೆ.

ನಮ್ಮಲ್ಲಿ ಬಹುಮಂದಿ ನಂಬಿರುವುದು ರಕ್ತಪರೀಕ್ಷೆಯನ್ನು. ಟಿಟಿಜಿ-ಐಜಿಎ ಎಂದು ವರದಿಯಲ್ಲಿ ಅಚ್ಚಾಗುವ ಪರೀಕ್ಷೆಯು, ಮೇಲೆ ಹೇಳಿದ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಅಳೆಯುತ್ತದೆ. ಆ ಕಿಣ್ವವೇ ಪ್ರತಿಕಾಯಗಳ ಗುರಿಯೆಂದು ಜರ್ಮನಿಯ ವಿಜ್ಞಾನಿಗಳು 1997ರಲ್ಲಿ ಕಂಡುಹಿಡಿದ ಮೇಲೆ ಈ ಪರೀಕ್ಷೆ ಸುಲಭವೂ ಸರ್ವಸಾಮಾನ್ಯವೂ ಆಯಿತು. ಕಾಯಿಲೆಯನ್ನು ಮೊದಲು ಪತ್ತೆಮಾಡಲು ಇದು ಬಹು ಸಮರ್ಥವಾದ ಸಾಧನ. ಪಥ್ಯ ಆರಂಭವಾದ ಮೇಲೆ ಅಂಕಿ ಇಳಿಯುತ್ತ ಹೋಗಿ, ಸಾಮಾನ್ಯವಾಗಿ ಒಂದು ವರ್ಷದೊಳಗೆ, ಮೊದಲು ಬಹಳ ಮೇಲಿದ್ದವರಲ್ಲಿ ಎರಡು ಮೂರು ವರ್ಷಗಳಲ್ಲಿ, ಮಿತಿಯೊಳಗೆ ಬರುತ್ತದೆ. ವರ್ಷಗಳು ಕಳೆದರೂ ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಗೋಧಿ ಎಲ್ಲಿಂದಲೋ ಬಾಯಿಗೆ ಬೀಳುತ್ತಿದೆ ಎಂದು ತಿಳಿಯಬೇಕು. ಇಷ್ಟರಮಟ್ಟಿಗೆ ಇದರ ಸಾಕ್ಷ್ಯ ಬೆಲೆಯುಳ್ಳದ್ದು.

ಆದರೆ ಅಂಕಿ ಮಿತಿಯೊಳಗೆ ಬಂದಿತೆಂದ ಮಾತ್ರಕ್ಕೆ ಕರುಳು ಮಾಯ್ದಿತೆಂದು ಹೇಳುವ ಅಧಿಕಾರ ಆ ವರದಿಗಿಲ್ಲ. ಅನೇಕ ಅಧ್ಯಯನಗಳನ್ನು ಕ್ರೋಡೀಕರಿಸಿ 2017ರಲ್ಲಿ ನಡೆದ ಪರಿಶೀಲನೆಯ ಪ್ರಕಾರ, ಪಥ್ಯದಲ್ಲಿರುವವರ ಪೈಕಿ ರಸಾಂಕುರಗಳು ಇನ್ನೂ ಕುಗ್ಗಿರುವವರಲ್ಲಿ ಈ ಪರೀಕ್ಷೆಗೆ ಸಿಕ್ಕಿಬೀಳುವವರು ಅರ್ಧದಷ್ಟು ಮಾತ್ರ. ಇನ್ನರ್ಧ ಮಂದಿಯ ವರದಿ ನಿರ್ದೋಷವಾಗಿಯೇ ಬರುತ್ತದೆ. ಕಾರಣವೂ ಸ್ಪಷ್ಟವೇ: ಪ್ರತಿಕಾಯವು ತೋರಿಸುವುದು ರೋಗನಿರೋಧಕ ವ್ಯವಸ್ಥೆಯ ಕೆರಳಿಕೆಯ ಮಟ್ಟವನ್ನು, ಅಂಗಾಂಶದ ಆಕಾರವನ್ನಲ್ಲ, ಸಣ್ಣ ಪ್ರಮಾಣದ ಗ್ಲೂಟೆನ್ ರಕ್ತದ ಅಂಕಿಯನ್ನು ಮಿತಿ ಮೀರಿಸದೆಯೇ ಕರುಳನ್ನು ಕೆಣಕುತ್ತಿರಬಲ್ಲುದು. ಇನ್ನೆರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಸೀಲಿಯಾಕ್ ರೋಗಿಗಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಹುಟ್ಟಿನಿಂದಲೇ ಐಜಿಎ ಎಂಬ ಪ್ರತಿಕಾಯದ ಕೊರತೆಯಿದ್ದು, ಅವರ ಟಿಟಿಜಿ-ಐಜಿಎ ಎಂದಿಗೂ ಏರುವುದೇ ಇಲ್ಲ. ಅವರಿಗೆ ಐಜಿಜಿ ವರ್ಗದ ಪರೀಕ್ಷೆಗಳು ಬೇಕು. ಎರಡನೆಯದಾಗಿ, ಒಂದೊಂದು ಪ್ರಯೋಗಾಲಯದ ಕಿಟ್ಟಿಗೆ ಒಂದೊಂದು ಮಾನ, ಒಂದೊಂದು ಮಿತಿ. ಕಳೆದ ವರ್ಷ ಒಂದೆಡೆ, ಈ ವರ್ಷ ಇನ್ನೊಂದೆಡೆ ಪರೀಕ್ಷೆ ಮಾಡಿಸಿ ಅಂಕಿಗಳನ್ನು ಹೋಲಿಸುವುದರಿಂದ ಹುಸಿ ಹರ್ಷವೋ ಹುಸಿ ಭೀತಿಯೋ ಉಂಟಾದೀತೇ ಹೊರತು ಪ್ರಯೋಜನವಿಲ್ಲ. ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯವನ್ನು ನೆಚ್ಚುವುದು ಲೇಸು.

ಹಾಗಿದ್ದರೆ ಎಲ್ಲರಿಗೂ ಎರಡನೆಯ ಬಾರಿ ಎಂಡೊಸ್ಕೋಪಿ ಮಾಡಿಸಬೇಕೇ? ವೈದ್ಯರಲ್ಲಿಯೇ ಇದರ ಬಗ್ಗೆ ಒಮ್ಮತವಿಲ್ಲ. ಅಮೆರಿಕದ ಜಠರಕರುಳು ತಜ್ಞರ ಸಂಘವು 2023ರ ಮಾರ್ಗಸೂಚಿಯಲ್ಲಿ ಕರುಳಿನ ಮಾಯುವಿಕೆಯನ್ನೇ ಚಿಕಿತ್ಸೆಯ ಗುರಿಯೆಂದು ಇರಿಸಿಕೊಳ್ಳುವುದು ಯುಕ್ತವೆಂದು ಸೂಚಿಸಿ, ಪಥ್ಯ ಹಿಡಿದು ಎರಡು ವರ್ಷಗಳಾದ ವಯಸ್ಕರಲ್ಲಿ, ಲಕ್ಷಣಗಳಿಲ್ಲದಿದ್ದರೂ ಸಹ, ರೋಗಿಯೊಡನೆ ಸಮಾಲೋಚಿಸಿ ಮರುಬಯಾಪ್ಸಿಯನ್ನು ಯೋಚಿಸಬಹುದೆಂದು ಹೇಳಿತು. ಯೋಚಿಸಬಹುದು ಎಂದಿತೇ ಹೊರತು ಮಾಡಿಸಲೇಬೇಕೆಂದು ವಿಧಿಸಲಿಲ್ಲ. ಖರ್ಚು, ಶ್ರಮ, ಮಾಯದಿದ್ದರೂ ಪಥ್ಯವನ್ನು ಬಿಗಿಗೊಳಿಸುವುದರ ಹೊರತು ಮಾಡಬಹುದಾದುದು ಕಡಮೆ ಎಂಬ ವಾದ, ಇವು ವಿರುದ್ಧ ಪಕ್ಷದ ಮಾತುಗಳು. ಇವು ಹಗುರವಾದ ಮಾತುಗಳಲ್ಲ. ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ಚೆನ್ನಾಗಿ ಬೆಳೆಯುತ್ತ, ರಕ್ತದ ಅಂಕಿ ಇಳಿದು ನಿಂತಿರುವ ಮಗುವಿಗೆ ಇನ್ನೊಮ್ಮೆ ನಳಿಕೆಯಿಳಿಸುವ ಅವಶ್ಯಕತೆ ಸಾಮಾನ್ಯವಾಗಿ ಇಲ್ಲ. ಆದರೆ ನಡುವಯಸ್ಸು ದಾಟಿದ ಮೇಲೆ ಕಾಯಿಲೆ ಪತ್ತೆಯಾದವರು, ಮೊದಲ ಬಯಾಪ್ಸಿಯಲ್ಲಿ ಅಂಕುರಗಳು ಸಂಪೂರ್ಣ ನಾಶವಾಗಿದ್ದವರು, ರಕ್ತಹೀನತೆಯೋ ತೂಕದ ಇಳಿತವೋ ಹಾಗೆಯೇ ಉಳಿದವರು, ಮೊದಲಿನಿಂದಲೂ ಪ್ರತಿಕಾಯಗಳೇ ಕಾಣಿಸಿಕೊಳ್ಳದಿದ್ದವರು, ಇವರೆಲ್ಲ ಎರಡು ವರ್ಷಗಳ ಸುಮಾರಿಗೆ ಒಮ್ಮೆ ಕರುಳನ್ನು ನೋಡಿಸಿಕೊಳ್ಳುವುದು ವಿವೇಕವೆಂದೇ ನಾನು ಭಾವಿಸುತ್ತೇನೆ.

ಮಾಯದ ಕರುಳಿನ ಕಾರಣವನ್ನು ಹುಡುಕಲು ಹೊರಟರೆ ಬಹುಪಾಲು ಸಂದರ್ಭಗಳಲ್ಲಿ ದಾರಿ ಅಡಿಗೆಮನೆಗೆ ಹೋಗಿ ನಿಲ್ಲುತ್ತದೆ. ದಿನಕ್ಕೆ ಕೇವಲ 50 ಮಿಲಿಗ್ರಾಂ ಗ್ಲೂಟೆನ್ ಮೂರು ತಿಂಗಳ ಕಾಲ ಹೊಟ್ಟೆಗೆ ಹೋದರೆ ರಸಾಂಕುರಗಳು ಕುಗ್ಗುತ್ತವೆಂದು ಇಟಲಿಯಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಅದು ಒಂದು ಸಾಧಾರಣ ಚಪಾತಿಯ ಸುಮಾರು ಐವತ್ತನೆಯ ಒಂದು ಪಾಲು. ಗೋಧಿರೊಟ್ಟಿ ಮುಟ್ಟದವರ ತಟ್ಟೆಗೂ ಇಷ್ಟು ಬಂದು ಬೀಳಲು ನಮ್ಮ ಮನೆಗಳಲ್ಲಿ ನೂರು ದಾರಿಗಳಿವೆ. ಸಾರಿನ ಒಗ್ಗರಣೆಗೆ ಹಾಕುವ ಡಬ್ಬಿಯ ಇಂಗನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದವರೆಷ್ಟು ಮಂದಿ? ಶುದ್ಧ ಇಂಗು ಬಹಳ ಘಾಟಾದುದರಿಂದ ಅದಕ್ಕೆ ಗೋಂದನ್ನೂ ಹಿಟ್ಟನ್ನೂ ಬೆರೆಸಿ ಮಾರುವುದು ವಾಡಿಕೆ, ಆ ಹಿಟ್ಟು ಅನೇಕ ವೇಳೆ ಗೋಧಿಯದು. ಜೋಳವನ್ನು ಬೀಸಿಸಲು ಕೊಂಡೊಯ್ದ ಗಿರಣಿಯಲ್ಲಿ ಹಿಂದಿನ ಗಿರಾಕಿಯ ಗೋಧಿ ಇನ್ನೂ ಕಲ್ಲಿಗೆ ಅಂಟಿಕೊಂಡಿರುತ್ತದೆ. ಮೊದಲ ಸೇರು ಹಿಟ್ಟಿನಲ್ಲಿ ಅದು ಬೆರೆತೇ ಬರುತ್ತದೆ. ರವೆಯೂ ಶಾವಿಗೆಯೂ ಗೋಧಿಯೇ ಎಂಬುದು ಮನೆಯ ಹಿರಿಯರಿಗೆ ಗೊತ್ತಿದ್ದರೂ, ಉಪ್ಪಿಟ್ಟು ಚಪಾತಿಯಂಥದಲ್ಲವೆಂಬ ಭಾವನೆಯಿಂದ ಬಡಿಸಿಬಿಡುವುದುಂಟು. ಖಪ್ಲಿ ಗೋಧಿ ಹಳೆಯ ತಳಿಯಾದ್ದರಿಂದ ಬಾಧಿಸದು ಎಂಬ ಮಾತು ಈಚೆಗೆ ಹಬ್ಬುತ್ತಿದೆ. ಅದರಲ್ಲಿಯೂ ಗ್ಲೂಟೆನ್ ಇದೆ, ಸೀಲಿಯಾಕ್ ರೋಗಿಗೆ ಅದೂ ವರ್ಜ್ಯವೇ. ಬಾರ್ಲಿಯ ಮಾಲ್ಟಿನಿಂದ ಮಾಡಿದ ಹಾಲಿನ ಪುಡಿಗಳು, ಹೋಟೆಲಿನ ಸೋಯಾ ಸಾಸು, ಗೋಧಿಯ ಬಜ್ಜಿ ಕರಿದ ಬಾಣಲೆಯಲ್ಲಿಯೇ ಕರಿದ ಹಪ್ಪಳ, ಹೀಗೆ ಪಟ್ಟಿ ಬೆಳೆಯುತ್ತಲೇ ಹೋದೀತು. ಪ್ಯಾಕೆಟ್ಟಿನ ಮೇಲೆ ಗ್ಲೂಟೆನ್-ರಹಿತವೆಂದು ಬರೆಯಬೇಕಾದರೆ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗೆ ಮೀರಿ ಗ್ಲೂಟೆನ್ ಇರಕೂಡದೆಂದು ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮವಿದೆ. ಬಿಡಿಯಾಗಿ ತೂಗಿ ಕೊಡುವ ಹಿಟ್ಟಿಗೆ ಅಂಥ ಯಾವ ಆಶ್ವಾಸನೆಯೂ ಇಲ್ಲ.

ಇದನ್ನೆಲ್ಲ ಹೊರತೆಗೆಯಬಲ್ಲವರು ಆಹಾರತಜ್ಞರು. ಸೀಲಿಯಾಕ್ ರೋಗವನ್ನು ಬಲ್ಲ ಒಬ್ಬ ಆಹಾರತಜ್ಞೆಯು ಮನೆಯೊಡತಿಯೊಡನೆ ಅರ್ಧ ಗಂಟೆ ಕುಳಿತು, ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ ಏನನ್ನು ಎಲ್ಲಿಂದ ತಂದು ಯಾವ ಪಾತ್ರೆಯಲ್ಲಿ ಬೇಯಿಸಿದರೆಂದು ಕೇಳಿ ತಿಳಿದರೆ ದೊರೆಯುವ ಬೆಳಕು ದುಬಾರಿಯ ಎಷ್ಟೋ ಪರೀಕ್ಷೆಗಳಿಂದ ದೊರೆಯದು. ಈಚೆಗೆ ಮೂತ್ರದಲ್ಲಿಯೂ ಮಲದಲ್ಲಿಯೂ ಗ್ಲೂಟೆನ್ನಿನ ತುಣುಕುಗಳನ್ನು ಪತ್ತೆಮಾಡುವ ಪರೀಕ್ಷೆಗಳು ಬಂದಿವೆ. ಕಳೆದ ಒಂದೆರಡು ದಿನಗಳಲ್ಲಿ ಗೋಧಿ ಹೊಟ್ಟೆಗೆ ಹೋಯಿತೇ ಎಂಬುದನ್ನು ಮೂತ್ರವೂ, ತುಸು ಹೆಚ್ಚು ಹಿಂದಿನದನ್ನು ಮಲವೂ ಹೇಳುತ್ತವೆ. ತಪ್ಪಿತಸ್ಥರನ್ನು ಹಿಡಿಯುವ ಉಪಕರಣವೆಂದು ಇವನ್ನು ಬಳಸಲಾಗದು. ಶ್ರದ್ಧೆಯಿಂದ ಪಥ್ಯದಲ್ಲಿರುವವರಿಗೂ ಅರಿವಿಲ್ಲದೆ ಗ್ಲೂಟೆನ್ ತಗಲುವುದು ಸಾಮಾನ್ಯವೆಂದು ಇಂತಹ ಪರೀಕ್ಷೆಗಳಿಂದಲೇ ತಿಳಿದಿರುವಾಗ, ರೋಗಿಯನ್ನು ಗದರಿಸುವ ವೈದ್ಯರು ಮುಂದಿನ ಬಾರಿ ಸತ್ಯವನ್ನು ಕೇಳಲಾರರು.

ಪಥ್ಯ ನಿರ್ದುಷ್ಟವಾಗಿದ್ದೂ ಕರುಳು ಮಾಯದಿದ್ದರೆ, ಮೊದಲ ರೋಗನಿರ್ಣಯವೇ ಸರಿಯೋ ಎಂಬ ಪ್ರಶ್ನೆಯನ್ನು ಧೈರ್ಯವಾಗಿ ಎತ್ತಬೇಕು. ರಸಾಂಕುರಗಳು ಕುಗ್ಗಿದುದೆಲ್ಲ ಸೀಲಿಯಾಕ್ ಅಲ್ಲ. ದಕ್ಷಿಣ ಭಾರತದಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಹಳೆಯ ಕಾಯಿಲೆಯೊಂದಿದ್ದು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಅದರ ಬಗ್ಗೆ ದಶಕಗಳ ಕಾಲ ಗಂಭೀರವಾದ ಅಧ್ಯಯನ ನಡೆದಿದೆ. ಸೂಕ್ಷ್ಮದರ್ಶಕದಡಿ ಅದು ಸೀಲಿಯಾಕನ್ನು ಹೋಲುವುದಾದರೂ, ಆಂಟಿಬಯಾಟಿಕ್ಕಿಗೂ ಫೋಲಿಕ್ ಆಮ್ಲಕ್ಕೂ ಮಣಿಯುವಂಥದು, ಗೋಧಿ ಬಿಡುವುದರಿಂದ ಗುಣವಾಗತಕ್ಕುದಲ್ಲ. ರಕ್ತದೊತ್ತಡಕ್ಕೆ ಕೊಡುವ ಆಲ್ಮೆಸಾರ್ಟನ್ ಎಂಬ ಮಾತ್ರೆಯನ್ನು ನುಂಗುತ್ತಿದ್ದ 22 ರೋಗಿಗಳಲ್ಲಿ ತೀವ್ರವಾದ ಭೇದಿಯೂ ಕರುಳಿನ ಹಾನಿಯೂ ಉಂಟಾಗಿ, ಗೋಧಿ ಬಿಟ್ಟರೂ ಗುಣವಾಗದೆ, ಮಾತ್ರೆಯನ್ನು ನಿಲ್ಲಿಸಿದ ಮೇಲೆ ಚೇತರಿಸಿಕೊಂಡುದನ್ನು ಮೇಯೊ ಕ್ಲಿನಿಕ್ಕಿನವರು 2012ರಲ್ಲಿ ವರದಿಮಾಡಿದರು. ಈ ಮಾತ್ರೆ ನಮ್ಮ ದೇಶದಲ್ಲಿಯೂ ಬಳಕೆಯಲ್ಲಿರುವುದರಿಂದ, ವೈದ್ಯರಿಗೆ ತೋರಿಸಲು ಹೋಗುವಾಗ ತಾನು ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಕೊಂಡೊಯ್ಯುವುದು ಲೇಸು. ತಾನಾಗಿಯೇ ನಿಲ್ಲಿಸುವುದು ಬೇಡ. ಇವೆಲ್ಲವನ್ನೂ ತಳ್ಳಿಹಾಕಿದ ಮೇಲೂ ಒಂದು ವರ್ಷದ ಕಟ್ಟುನಿಟ್ಟಾದ ಪಥ್ಯಕ್ಕೆ ಬಗ್ಗದೆ ಉಳಿಯುವ ರೋಗಕ್ಕೆ ರಿಫ್ರಾಕ್ಟರಿ ಸೀಲಿಯಾಕ್ ಎಂಬ ಹೆಸರಿದೆ. ಅದು ವಿರಳ, ದೊಡ್ಡ ಆಸ್ಪತ್ರೆಯ ತಜ್ಞರ ಕೈಯಲ್ಲಿಯೇ ಇರಬೇಕಾದುದು.

ಕನ್ನಡ ನಾಡಿನವರಿಗೆ ಈ ಕಾಯಿಲೆ ದೂರದ್ದೆಂದು ತೋರಬಹುದು. 2016ರಲ್ಲಿ ಪ್ರಕಟವಾದ, ಹರಿಯಾಣ, ಅಸ್ಸಾಂ ಮತ್ತು ವೆಲ್ಲೂರು ಪ್ರದೇಶಗಳ 23 ಸಾವಿರಕ್ಕೂ ಮಿಕ್ಕ ವಯಸ್ಕರ ಸಮೀಕ್ಷೆಯಲ್ಲಿ ಉತ್ತರದಲ್ಲಿ ಸಾವಿರಕ್ಕೆ ಸುಮಾರು 8.5, ಈಶಾನ್ಯದಲ್ಲಿ 4.7, ದಕ್ಷಿಣದಲ್ಲಿ ಕೇವಲ 0.1ರಷ್ಟು ಮಂದಿಯಲ್ಲಿ ರೋಗ ಕಂಡುಬಂದಿತು. ರೋಗಕ್ಕೆ ಎಡೆಗೊಡುವ ವಂಶಗುಣ ಮೂರೂ ಕಡೆ ಹೆಚ್ಚು ಕಡಮೆ ಒಂದೇ ಸಮ, ಬೇರೆಯಾದುದು ಗೋಧಿ. ಉತ್ತರದವರು ದಿನಕ್ಕೆ 455 ಗ್ರಾಂ ಗೋಧಿ ಉಣ್ಣುತ್ತಿದ್ದರೆ ವೆಲ್ಲೂರಿನವರು 25 ಗ್ರಾಂ. ಅನ್ನ, ರಾಗಿ, ಜೋಳಗಳ ಊಟ ನಮ್ಮನ್ನು ಇಷ್ಟು ಕಾಲ ಕಾಯ್ದಿದೆ ಎಂದಾಯಿತು. ಎರಡು ಹೊತ್ತು ಚಪಾತಿಯೂ ನಡುವೆ ಬಿಸ್ಕತ್ತು ಬ್ರೆಡ್ಡುಗಳೂ ಸೇರಿದ ಪಟ್ಟಣಗಳ ಊಟಕ್ಕೆ ಆ ರಕ್ಷೆ ಎಷ್ಟು ಕಾಲ ಉಳಿದೀತೆಂಬುದು ಚಿಂತಿಸತಕ್ಕ ವಿಷಯ. ರೋಗ ವಿರಳವಾಗಿರುವ ಕಡೆ ಒಂದು ತೊಡಕೂ ಉಂಟು: ನಿತ್ಯ ಇಂತಹ ರೋಗಿಗಳನ್ನು ನೋಡದ ವೈದ್ಯರಿಗೆ ಮರುಪರೀಕ್ಷೆಯ ಕ್ರಮ ಕೈಗೆ ಬಂದಿರುವುದಿಲ್ಲ. ಆಗ ರೋಗಿಯೇ ತಿಳಿದಿರಬೇಕಾಗುತ್ತದೆ. ನಮಗಿರುವ ಭಾಗ್ಯವೆಂದರೆ, ಪಂಜಾಬಿನ ಮನೆಯಲ್ಲಿ ಊಟವನ್ನೇ ಬದಲಿಸಬೇಕಾಗುವ ಪಥ್ಯ, ಮುದ್ದೆ, ಜೋಳದ ರೊಟ್ಟಿ, ಇಡ್ಲಿ, ನವಣೆಯ ಅನ್ನಗಳ ನಾಡಿನಲ್ಲಿ ಅಷ್ಟು ಕಷ್ಟವಲ್ಲ.

ಮರುಪರೀಕ್ಷೆಯ ಆ ಕ್ರಮವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಪಥ್ಯ ಹಿಡಿದ ಮೂರರಿಂದ ಆರು ತಿಂಗಳೊಳಗೆ ಒಮ್ಮೆ, ವರ್ಷಕ್ಕೊಮ್ಮೆ, ಅಂಕಿ ಮಿತಿಯೊಳಗೆ ಬಂದ ಮೇಲೂ ಒಂದೆರಡು ವರ್ಷಗಳಿಗೊಮ್ಮೆ ಟಿಟಿಜಿ ಪರೀಕ್ಷೆಯೂ ಆಹಾರತಜ್ಞರ ಭೇಟಿಯೂ. ಹಿಮೋಗ್ಲೋಬಿನ್, ಕಬ್ಬಿಣ, ಬಿ12, ಡಿ ಜೀವಸತ್ವ, ಯಕೃತ್ತಿನ ಕಿಣ್ವಗಳು, ಥೈರಾಯ್ಡ್. ವಯಸ್ಕರಿಗೆ ಡೆಕ್ಸಾ ಎಂಬ ಮೂಳೆಯ ಸಾಂದ್ರತೆಯ ಪರೀಕ್ಷೆ. ಈ ರೋಗದಲ್ಲಿ ಗುಲ್ಮದ ಶಕ್ತಿ ಕುಂದುವುದುಂಟಾದ್ದರಿಂದ ನ್ಯುಮೋಕಾಕಲ್ ಲಸಿಕೆಯ ಬಗ್ಗೆ ವಿಚಾರಣೆ. ಮಕ್ಕಳಿಗಾದರೆ ಎತ್ತರ ತೂಕಗಳ ರೇಖಾಪಟ. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳೂ ಒಮ್ಮೆ ರಕ್ತಪರೀಕ್ಷೆ ಮಾಡಿಸಬೇಕು, ಗೋಧಿ ತಿನ್ನುತ್ತಿರುವಾಗಲೇ. ಮೊದಲೇ ಬಿಟ್ಟುಬಿಟ್ಟರೆ ಪರೀಕ್ಷೆ ಏನನ್ನೂ ಹೇಳಲಾರದು. ಕರುಳು ಪೂರ್ಣ ಮಾಯ್ದಿತೆಂದು ಬಯಾಪ್ಸಿ ಹೇಳಿದ ದಿನವೂ ಪಥ್ಯ ಸಡಿಲವಾಗುವಂತಿಲ್ಲ, ಅದು ಜೀವನಪರ್ಯಂತದ್ದು.

ರೋಗನಿರ್ಣಯವಾಗಿ ಎರಡು ವರ್ಷ ಕಳೆದಿರುವ ವಯಸ್ಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ಹಳೆಯ ರಕ್ತಪರೀಕ್ಷೆಗಳ ವರದಿಗಳನ್ನೂ ಮೊದಲ ಬಯಾಪ್ಸಿಯ ವರದಿಯನ್ನೂ ಜೊತೆಗೊಯ್ಯಿರಿ. ಹೊಟ್ಟೆಯುಬ್ಬರವಿದೆಯೇ, ಭೇದಿಯಿದೆಯೇ ಎಂಬ ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟಾದ ಮೇಲೆ, ಕರುಳಿನ ಗಾಯ ಮಾಯ್ದಿದೆಯೆಂದು ನಮಗೆ ಹೇಗೆ ಗೊತ್ತು ಎಂಬ ಒಂದು ಪ್ರಶ್ನೆಯನ್ನು ನೀವೂ ಕೇಳಿರಿ.